ಮನೆಯ ಕೋಳಿ ಮಂಕಾದಾಗ

ಇವತ್ತು ನಿಮ್ಮೊಂದಿಗೆ ಆಡಬೇಕೆಂದಿರುವುದು ಕೋಳಿಯ ಮಾತು. ಫಾರಮ್ಮುಗಳಲ್ಲಿ ಸಾವಿರಗಟ್ಟಲೆ ಸಾಕುವ ಬಿಳಿ ಕೋಳಿಯದಲ್ಲ. ನಿಮ್ಮ ಹಿತ್ತಲಲ್ಲಿ ತಿಪ್ಪೆ ಕೆದಕಿಕೊಂಡು, ಹೊತ್ತು ಮುಳುಗಿದರೆ ತಾನಾಗಿ ಮನೆಗೆ ಬಂದು ಮಂಕರಿಯ ಕೆಳಗೆ ಸೇರಿಕೊಳ್ಳುವ ನಾಟಿ ಕೋಳಿಯದು. ಮಡಕಶಿರಾ, ರಾಯದುರ್ಗ, ಆದೋನಿ ಕಡೆಯ ನಮ್ಮ ಹಳ್ಳಿಗಳಲ್ಲಿ ನಾಲ್ಕು ಕೋಳಿ ಇಲ್ಲದ ಮನೆ ಕಡಿಮೆ.

ನಾನು ಪಶುವೈದ್ಯನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಪೊದುಪು ಸಂಘದ ಕಂತು ಕಟ್ಟಲು ಬರುತ್ತಿದ್ದ ಹೆಣ್ಣುಮಕ್ಕಳನ್ನು "ಈ ಸಲ ದುಡ್ಡು ಹೇಗೆ ಹೊಂದಿಸಿದಿರಮ್ಮ?" ಎಂದು ಕೇಳಿದರೆ, "ಕೋಳಿ ಮಾರಿದೆ ಸಾರ್" ಎನ್ನುವ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಗುವಿನ ನೋಟ್‌ಬುಕ್ಕು, ಬಸ್ಸಿನ ಚಾರ್ಜು, ತವರಿಗೆ ಹೋಗುವಾಗ ಒಂದು ಸೀರೆ, ಇವೆಲ್ಲ ಕೋಳಿಯಿಂದ ಹುಟ್ಟುತ್ತವೆ. ಗಂಡಸರ ಕೈಗೆ ಹೋಗದೆ ಹೆಂಗಸರ ಕೈಯಲ್ಲೇ ಉಳಿಯುವ ದುಡ್ಡು ಇದು. ಹಾಗಾಗಿ ಕೋಳಿ ಸತ್ತರೆ ಹೋಗುವುದು ಒಂದು ಹೊತ್ತಿನ ಸಾರು ಮಾತ್ರವಲ್ಲ, ಒಬ್ಬ ತಾಯಿಯ ಕೈಗಂಟು.

ಕೋಳಿ ಮಂಕಾಗಿ ಮೂಲೆ ಹಿಡಿದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಸಲಹೆ ಬರುತ್ತವೆ. ಒಂದು, "ಸಾಯುವುದಕ್ಕೆ ಮುಂಚೆ ಕುಯ್ದುಬಿಡಿ." ಇನ್ನೊಂದು, "ನಾಳೆ ಸಂತೆಗೆ ಹಾಕಿಬಿಡಿ." ಎರಡೂ ಯಾಕೆ ಕೆಟ್ಟ ಸಲಹೆ, ಮೂರನೆಯ ದಾರಿ ಯಾವುದು ಎನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಕಾಯಿಲೆ ಯಾವುದು, ಯಾವುದು ಅಲ್ಲ ಎಂದು ತಿಳಿಯಬೇಕು. ಕಾವಿಗೆ ಕೂತ ಕೋಳಿ ಮೈಯುಬ್ಬಿಸಿಕೊಂಡು ಕೂತಲ್ಲೇ ಕೂರುತ್ತದೆ, ಮೇವು ಕಡಿಮೆ ತಿನ್ನುತ್ತದೆ, ಹತ್ತಿರ ಹೋದರೆ ಕುಕ್ಕಲು ಬರುತ್ತದೆ. ಅದು ಕಾಯಿಲೆಯಲ್ಲ. ವರ್ಷಕ್ಕೊಮ್ಮೆ ಪುಕ್ಕ ಉದುರಿಸಿ ಮೊಟ್ಟೆ ನಿಲ್ಲಿಸುವುದೂ ಕಾಯಿಲೆಯಲ್ಲ. ಕೋಳಿಯ ಮೈ ಮುಟ್ಟಿ "ಜ್ವರ ಬಂದಿದೆ" ಅನ್ನುವವರೂ ಇದ್ದಾರೆ. ಆರೋಗ್ಯವಾಗಿರುವ ಕೋಳಿಯ ಮೈ ಶಾಖವೇ ಸುಮಾರು 106ರಿಂದ 107 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ.

ನಿಜವಾದ ಕಾಯಿಲೆಯ ಗುರುತುಗಳು ಬೇರೆ. ಬೆಳಿಗ್ಗೆ ಬಿಟ್ಟಾಗ ಉಳಿದವು ಓಡಿದರೂ ಒಂದು ಮಾತ್ರ ಹಿಂದೆ ಉಳಿಯುತ್ತದೆ. ರೆಕ್ಕೆ ಜೋತು ಬೀಳುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಕಾಳು ಎರಚಿದರೂ ಕತ್ತೆತ್ತುವುದಿಲ್ಲ. ಕೋಳಿ ತನ್ನ ನೋವನ್ನು ಕೊನೆಯವರೆಗೂ ಬಚ್ಚಿಡುವ ಜೀವ. ಬಲಹೀನ ಎಂದು ಗೊತ್ತಾದರೆ ಜೊತೆಯವೇ ಕುಕ್ಕುತ್ತವೆ. ಆದ್ದರಿಂದ ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಕಾಯಿಲೆ ಒಂದೆರಡು ದಿನ ಹಳೆಯದಾಗಿರುತ್ತದೆ. ನಾಳೆ ನೋಡೋಣ ಎನ್ನಬೇಡಿ.

ಮಾಡಬೇಕಾದ ಮೊದಲನೆಯ ಕೆಲಸ, ಅದನ್ನು ಬೇರೆ ಮಾಡುವುದು. ಅಗಲವಾದ ಮಂಕರಿ ಅಥವಾ ಹಳೆಯ ರಟ್ಟಿನ ಪೆಟ್ಟಿಗೆ ಸಾಕು. ತಳಕ್ಕೆ ಹಳೆಯ ಪೇಪರು ಹಾಸಿ. ಹಿಕ್ಕೆಯ ಬಣ್ಣ ಪೇಪರಿನ ಮೇಲೆ ಚೆನ್ನಾಗಿ ಕಾಣುತ್ತದೆ, ದಿನವೂ ತೆಗೆದು ಸುಡುವುದಕ್ಕೂ ಸುಲಭ. ಗಾಳಿ ಆಡುವ, ಆದರೆ ನೇರ ಗಾಳಿ ಬೀಸದ ನೆರಳಲ್ಲಿಡಿ. ಚಳಿಗಾಲದ ರಾತ್ರಿ ಮಂಕರಿಯ ಮೇಲೆ ಗೋಣಿಚೀಲ ಹೊದಿಸಿ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಕೋಳಿ ಬಾಯಿ ತೆರೆದು ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಿದ್ದರೆ ಅದು ಬರೀ ಸೆಕೆಯೂ ಆಗಿರಬಹುದು. ನೆರಳು, ತಣ್ಣನೆಯ ನೀರು, ಸುತ್ತ ನೆಲಕ್ಕೆ ನೀರು ಚಿಮುಕಿಸುವುದು, ಇಷ್ಟಕ್ಕೇ ಚೇತರಿಸಿಕೊಳ್ಳುತ್ತದೆ. ಮೊದಲು ಒಳ್ಳೆಯ ಕೋಳಿಗಳಿಗೆ ಮೇವು ನೀರು ಇಟ್ಟು, ಕಾಯಿಲೆಯ ಕೋಳಿಯನ್ನು ಕೊನೆಗೆ ನೋಡಿ. ಆಮೇಲೆ ಕೈಕಾಲು ಸೋಪು ಹಾಕಿ ತೊಳೆಯಿರಿ.

ಎರಡನೆಯದು ನೀರು. ತಿನ್ನದ ಕೋಳಿ ಎರಡು ದಿನ ತಡೆಯುತ್ತದೆ, ಕುಡಿಯದ ಕೋಳಿ ತಡೆಯುವುದಿಲ್ಲ. ಭೇದಿ ಆಗುತ್ತಿದ್ದರೆ ನಮ್ಮ ಮಕ್ಕಳಿಗೆ ಕೊಡುವ ಓಆರ್‌ಎಸ್ ಪುಡಿಯನ್ನೇ ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿಗೆ ಬೆರೆಸಿ ಮಣ್ಣಿನ ಬಟ್ಟಲಲ್ಲಿಡಿ. ಪುಡಿ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಟೀ ಚಮಚ, ತಲೆ ಸವರಿ ಅಳೆದದ್ದು. ಉಪ್ಪು ಹೆಚ್ಚಾದರೆ ಕೋಳಿಗೆ ವಿಷ. ಇದನ್ನು ಒಂದೆರಡು ದಿನ ಕೊಡಿ, ದಿನವೂ ಹೊಸದಾಗಿ ಕಲಸಿ.

ಇಲ್ಲೊಂದು ಎಚ್ಚರಿಕೆ. ಬಾಯಿ ಬಿಡಿಸಿ ಗಟಗಟ ಸುರಿಯಬೇಡಿ. ಕೋಳಿಯ ನಾಲಗೆಯ ಹಿಂದೆಯೇ ಉಸಿರಿನ ಕೊಳವೆಯ ಬಾಯಿ ಇದೆ. ಸುರಿದ ನೀರು ಅದರೊಳಗೆ ಇಳಿದರೆ ಕೋಳಿ ಉಸಿರುಗಟ್ಟಿ ಸಾಯುತ್ತದೆ. ಕಾಯಿಲೆಯಿಂದ ಸತ್ತಿತು ಎಂದುಕೊಂಡ ಎಷ್ಟೋ ಕೋಳಿ ಹೀಗೆ ಔಷಧಿ ಕುಡಿಸುವಾಗ ಸತ್ತಿರುತ್ತವೆ. ಕೊಕ್ಕಿನ ತುದಿಗೆ ಬೆರಳಿಂದಲೋ ಹತ್ತಿಯಿಂದಲೋ ಹನಿ ಹನಿಯಾಗಿ ಮುಟ್ಟಿಸಿ. ಅದು ತಾನೇ ಚಪ್ಪರಿಸಿ, ಕತ್ತೆತ್ತಿ ನುಂಗಲಿ.

ಮೇವಿಗೆ ತೆಳ್ಳಗಿನ ರಾಗಿ ಅಂಬಲಿ, ಮೆತ್ತಗೆ ಬೇಯಿಸಿದ ನುಚ್ಚು, ಬೆಂದ ಮೊಟ್ಟೆಯ ಚೂರು ಇಷ್ಟು ಸಾಕು. ಹಳಸಿದ ಅನ್ನ, ಬೂಷ್ಟು ಹಿಡಿದ ಕಡಲೆಕಾಯಿ ಹಾಕಬೇಡಿ. ಕಡಲೆಕಾಯಿಯ ಸೀಮೆ ನಮ್ಮದು. ಬೂಷ್ಟಿನ ವಿಷ ಕೋಳಿಯ ಈಲಿಯನ್ನು ಕೆಡಿಸುತ್ತದೆ.

ಮೂರನೆಯದು ತಪಾಸಣೆ. ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ತಲೆಯಿಂದ ಕಾಲಿನವರೆಗೆ ನೋಡಿ. ಕಣ್ಣು, ಮೂಗಿನಲ್ಲಿ ನೀರು ಇದೆಯೇ? ಜುಟ್ಟು ಕೆಂಪಗಿದೆಯೇ, ಬಿಳಿಚಿದೆಯೇ, ನೀಲಿಯಾಗಿದೆಯೇ? ಎದೆಯ ಮೇಲ್ಭಾಗದ ಮೇವಿನ ಚೀಲ ಬೆಳಗಿನ ಹೊತ್ತು ಖಾಲಿ ಇರಬೇಕು. ಆಗಲೂ ಕಲ್ಲಿನಂತೆ ಗಟ್ಟಿಯಾಗಿದ್ದರೆ ತಿಂದದ್ದು ಅಲ್ಲೇ ಕಟ್ಟಿಕೊಂಡಿದೆ ಎಂದರ್ಥ. ಎದೆಮೂಳೆ ಚಾಕುವಿನ ಅಲಗಿನಂತೆ ಕೈಗೆ ಸಿಕ್ಕಿದರೆ ಬಹಳ ದಿನದಿಂದ ಸೊರಗುತ್ತಿದೆ. ಹೊಟ್ಟೆಯಲ್ಲಿ ಜಂತುಹುಳು ಇರಬಹುದು. ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಪುಕ್ಕ ಬಿಡಿಸಿ ಹೇನು ನೋಡಿ. ಹೇನಿಗೆ ಒಣಮಣ್ಣು, ಸೋಸಿದ ಬೂದಿ ಬೆರೆಸಿ ಹೊರಳಾಡಲು ಗುಂಡಿ ಮಾಡಿಕೊಡಿ. ಗೂಡಿನ ಬಿರುಕುಗಳಿಗೆ ಸುಣ್ಣ ಬಳಿಯಿರಿ, ರಕ್ತ ಹೀರುವ ಕ್ರಿಮಿಗಳು ಹಗಲೆಲ್ಲ ಅಲ್ಲಿ ಅಡಗಿರುತ್ತವೆ. ಬೆಳೆಗೆ ಹೊಡೆಯುವ ಔಷಧಿಯನ್ನು ಮಾತ್ರ ಕೋಳಿಯ ಮೈಗೆ ಹಾಕಬೇಡಿ.

ಹಿಕ್ಕೆ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಕಂದುಬಣ್ಣದ ಹಿಕ್ಕೆಯ ಮೇಲೆ ಬಿಳಿ ಟೋಪಿ ಇದ್ದರೆ ಸರಿಯಾಗಿದೆ. ಆ ಬಿಳಿಯೇ ಕೋಳಿಯ ಮೂತ್ರ. ನಡುನಡುವೆ ಒಂದೊಂದು ಸಲ ಅಂಟಂಟಾದ, ನಾತದ ಹಿಕ್ಕೆ ಬೀಳುವುದೂ ಸಹಜವೇ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ, ಒದ್ದೆ ನೆಲದಿಂದ ಬರುವ ರೋಗ. ಅದಕ್ಕೆ ಔಷಧಿ ಇದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಸಿರು ಬೆರೆತ ಬಿಳಿ ಭೇದಿ, ಗೊರಗೊರ ಉಸಿರು, ಕತ್ತು ತಿರುಚಿಕೊಳ್ಳುವುದು, ಕಾಲು ಎಳೆಯುವುದು, ಒಂದರ ಹಿಂದೆ ಒಂದು ಸಾಯುವುದು ಕಂಡರೆ ಕೊಕ್ಕರೆ ರೋಗ ಎಂದು ಮೊದಲು ಅನುಮಾನಿಸಿ. ಸರ್ಕಾರದ ಕಾಗದಪತ್ರದಲ್ಲಿ ಇದಕ್ಕೆ ರಾಣಿಖೇತ ರೋಗ ಎನ್ನುತ್ತಾರೆ. ಹಿಮಾಲಯದ ತಪ್ಪಲಿನ ರಾಣಿಖೇತ ಎಂಬ ಊರಿನಿಂದ ಬಂದ ಹೆಸರು.

ಮನೆಯಲ್ಲೇ ಆರೈಕೆ ಮಾಡಿ ಗುಣಪಡಿಸಬಹುದಾದವೂ ಇವೆ. ಕೋಳಿ ಸಿಡುಬಿನಲ್ಲಿ ಜುಟ್ಟು, ಕಣ್ಣಿನ ರೆಪ್ಪೆ, ಕೊಕ್ಕಿನ ಸುತ್ತ ಗಂಟುಗಂಟಾಗಿ ಹಕ್ಕಳೆ ಕಟ್ಟುತ್ತದೆ. ಸೊಳ್ಳೆಯಿಂದ ಹರಡುತ್ತದೆ. ಕಣ್ಣು ಮುಚ್ಚಿಹೋದ ಕೋಳಿ ಕಾಯಿಲೆಯಿಂದಲ್ಲ, ಕಾಳು ಕಾಣದೆ ಹಸಿವಿನಿಂದ ಸಾಯುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಹತ್ತಿ ಅದ್ದಿ ಕಣ್ಣು ಒರೆಸಿ, ಕಣ್ಣು ಬಿಟ್ಟು ಉಳಿದ ಗಂಟಿಗೆ ಅರಿಸಿನ, ಬೇವಿನ ಲೇಪ ಹಚ್ಚಿ. ಹಕ್ಕಳೆ ಕೀಳಬೇಡಿ. ಬಾಯಿಯ ಒಳಗೆ ಹುಣ್ಣಾಗದಿದ್ದರೆ, ಕೈಯಿಂದ ತಿನ್ನಿಸಿ ಎರಡರಿಂದ ನಾಲ್ಕು ವಾರ ಕಾದರೆ ಹೆಚ್ಚಿನವು ಉಳಿಯುತ್ತವೆ.

ಮೊಟ್ಟೆ ಸಿಕ್ಕಿಹಾಕಿಕೊಂಡ ಕೋಳಿ ಬಾಲ ತಗ್ಗಿಸಿ ಮುಕ್ಕುತ್ತದೆ, ಮತ್ತೆ ಮತ್ತೆ ಗೂಡಿಗೆ ಹೋಗಿ ಬರುತ್ತದೆ. ಬೋಗುಣಿಯಲ್ಲಿ ಬೆಚ್ಚನೆಯ ನೀರು ತುಂಬಿ ಹೊಟ್ಟೆಯ ಭಾಗ ಮುಳುಗುವಂತೆ ಹದಿನೈದು ಇಪ್ಪತ್ತು ನಿಮಿಷ ಹಿಡಿದುಕೊಳ್ಳಿ. ಬಾಯಿಗೆ ಎಣ್ಣೆ ಕುಡಿಸದೆ, ಮೊಟ್ಟೆ ಬರುವ ದಾರಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಒರೆಸಿ, ಕತ್ತಲ ಮೂಲೆಯಲ್ಲಿ ಬಿಡಿ. ಅಮುಕಿ ಮೊಟ್ಟೆ ಒಡೆಯಬೇಡಿ, ಚಿಪ್ಪು ಒಳಗೆ ಕುಯ್ಯುತ್ತದೆ. ಕೆಲವು ಗಂಟೆಯಲ್ಲಿ ಬಾರದಿದ್ದರೆ ಡಾಕ್ಟರ ಹತ್ತಿರ ಒಯ್ಯಿರಿ.

ಇನ್ನು ಕೊಕ್ಕರೆ ರೋಗ. ನೇರವಾಗಿ ಹೇಳುತ್ತೇನೆ, ಅದಕ್ಕೆ ಔಷಧಿ ಇಲ್ಲ. ಬೆಳ್ಳುಳ್ಳಿಯೂ ಇಲ್ಲ, ಸಾರಾಯಿಯೂ ಇಲ್ಲ, ಮೆಡಿಕಲ್ ಶಾಪಿನ ಕ್ಯಾಪ್ಸೂಲೂ ಇಲ್ಲ. ಇದು ವೈರಸ್ಸಿನ ರೋಗ, ಲಸಿಕೆ ಒಂದೇ ದಾರಿ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣು ಅಥವಾ ಮೂಗಿಗೆ ಒಂದು ಹನಿ, ಆರರಿಂದ ಎಂಟು ವಾರವಾದಾಗ ರೆಕ್ಕೆಯ ಕೆಳಗೆ ಚುಚ್ಚುಮದ್ದು. ಮುಂದೆ ಯಾವಾಗ ಎಂದು ಡಾಕ್ಟರು ಹೇಳುತ್ತಾರೆ. ಲಸಿಕೆ ಹಾಕಬೇಕಾದದ್ದು ಆರೋಗ್ಯದ ಕೋಳಿಗೆ.

ಇದರಲ್ಲಿ ಒಂದು ತೊಡಕಿದೆ. ಲಸಿಕೆಯ ಒಂದು ಸೀಸೆ ಸಾಮಾನ್ಯವಾಗಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟಿರುತ್ತದೆ. ಐಸಿನಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆರು ಕೋಳಿ ಇರುವ ಒಬ್ಬ ತಾಯಿಗಾಗಿ ಸೀಸೆ ಒಡೆಯುವುದು ಯಾರಿಗೂ ಕಷ್ಟ. ಅದಕ್ಕೆ ಪೊದುಪು ಸಂಘದ ತಾಯಂದಿರಿಗೆ ನನ್ನ ವಿನಂತಿ. ಸಾಲ ವಸೂಲಿಗೆ ಸೇರುವಂತೆ ಲಸಿಕೆಗೂ ಸೇರಿ. ಬೀದಿಯ ಕೋಳಿಗಳನ್ನೆಲ್ಲ ಎಣಿಸಿ ಒಂದು ಪಟ್ಟಿ ಬರೆದು, ಪಶು ಆಸ್ಪತ್ರೆಗೆ ಕೊಟ್ಟು ದಿನ ಗೊತ್ತುಮಾಡಿ. ಬೆಳಿಗ್ಗೆ ಕೋಳಿ ಬಿಡುವ ಮುಂಚೆಯೇ ಕೆಲಸ ಮುಗಿಯುತ್ತದೆ.

ಆಸ್ಪತ್ರೆಯ ಮಾತು ಬಂತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ನಮಗೆ ರೂಢಿ. ಆದರೂ ಕಾಯಿಲೆಯ ಹೆಸರು ಹೇಳುವಾಗ ತಡವರಿಸುತ್ತೇವೆ. ನಮ್ಮ ಕೊಕ್ಕರೆ ರೋಗವೇ ಅವರ ಕೊಕ್ಕೆರ ತೆಗುಲು. ಸಿಡುಬು ಅವರಿಗೆ ಮಶೂಚಿ, ಹಿಕ್ಕೆ ರೆಟ್ಟ, ಜಂತುಹುಳುವಿನ ಔಷಧಿ ನಟ್ಟಲ ಮಂದು, ಲಸಿಕೆ ಟೀಕಾ. ಹೆಸರಿಗಿಂತ ಮುಖ್ಯ, ಐದು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಒಟ್ಟು ಎಷ್ಟು ಕೋಳಿ, ಎಷ್ಟು ಸತ್ತವು, ಯಾವತ್ತಿನಿಂದ, ಹಿಕ್ಕೆಯ ಬಣ್ಣ ಏನು, ಈಚೆಗೆ ಹೊಸ ಕೋಳಿ ತಂದಿದ್ದೀರಾ. ಡಾಕ್ಟರು ಔಷಧಿ ಕೊಟ್ಟರೆ, ಮೊಟ್ಟೆ, ಮಾಂಸವನ್ನು ಎಷ್ಟು ದಿನ ತಿನ್ನಬಾರದು ಎಂದೂ ಕೇಳಿ.

ಈಗ ಮೊದಲಿನ ಎರಡು ಸಲಹೆಗೆ ಬರೋಣ. ಕಾಯಿಲೆಯ ಕೋಳಿಯನ್ನು ಕುಯ್ದರೆ ರಕ್ತ, ಪುಕ್ಕ, ಕರುಳು ಅಂಗಳದಲ್ಲಿ ಬಿದ್ದು ರೋಗ ಉಳಿದವಕ್ಕೆಲ್ಲ ಹತ್ತುತ್ತದೆ. ಕುಯ್ಯುವವರಿಗೂ ಅಪಾಯವಿದೆ. ನಮ್ಮ ದೇಶದಲ್ಲಿ ಕೋಳಿಗಳ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2025ರ ಫೆಬ್ರವರಿಯಲ್ಲಿ ನಮ್ಮ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲೂ ಬಂತು. ಜುಟ್ಟು ನೀಲಿಯಾಗಿ, ಮುಖ ಊದಿ, ಹಲವು ಕೋಳಿ ಒಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ, ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ಕೆರೆಗೋ ತಿಪ್ಪೆಗೋ ಎಸೆಯದೆ, ಬಾವಿಯಿಂದ ದೂರ, ಮೂರು ನಾಲ್ಕು ಅಡಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ.

ಸಂತೆಗೆ ಹಾಕುವುದು ಇನ್ನೂ ಕೆಟ್ಟದ್ದು. ನಮ್ಮ ಸಂತೆಗೆ ಪಾವಗಡ, ಶಿರಾ, ಮಧುಗಿರಿ ಕಡೆಯವರೂ ಬರುತ್ತಾರೆ, ನಾವೂ ಆ ಕಡೆಯ ಸಂತೆಗೆ ಹೋಗುತ್ತೇವೆ. ಗಡಿಯ ಕಲ್ಲು ನಮಗೆ ಗೊತ್ತು, ರೋಗಕ್ಕೆ ಗೊತ್ತಿಲ್ಲ. ನೀವು ಮಾರಿದ ಕೋಳಿ ಕೊಳ್ಳುವವಳು ನಿಮ್ಮಂತೆಯೇ ಒಬ್ಬ ತಾಯಿ, ಅವಳ ಕೈಗಂಟೂ ಹಿತ್ತಲಲ್ಲೇ ಓಡಾಡುತ್ತಿರುತ್ತದೆ. ಒಂದು ಕೋಳಿಯ ದುಡ್ಡು ಉಳಿಸಿಕೊಳ್ಳಲು ಅವಳ ಹತ್ತು ಕೋಳಿ ಕಳೆಯುವುದು ನ್ಯಾಯವಲ್ಲ. ಹಾಗೆಯೇ ನೀವು ಸಂತೆಯಿಂದಲೋ ನೆಂಟರ ಮನೆಯಿಂದಲೋ ಹೊಸ ಕೋಳಿ ತಂದರೆ ಎರಡು ಮೂರು ವಾರ ಬೇರೆ ಕಡೆ ಕಟ್ಟಿ ನೋಡಿ, ಆಮೇಲೆ ಗುಂಪಿಗೆ ಸೇರಿಸಿ.

ಎಲ್ಲ ಕೋಳಿಯೂ ಉಳಿಯುತ್ತದೆ ಎಂದು ನಾನು ಹೇಳಲಾರೆ. ಆದರೆ ಮಂಕಾದ ದಿನವೇ ಬೇರೆ ಮಾಡಿ, ನೀರು ಕೊಟ್ಟು, ಹಿಕ್ಕೆ ನೋಡಿ, ಬೇಗ ಡಾಕ್ಟರನ್ನು ಕೇಳಿದರೆ ಆ ಒಂದು ಹೋದರೂ ಉಳಿದವನ್ನು ಕಾಪಾಡಿಕೊಳ್ಳಬಹುದು. ನಾಳೆ ಬೆಳಿಗ್ಗೆ ಮಂಕರಿ ಎತ್ತುವಾಗ ಒಂದು ಗಳಿಗೆ ನಿಂತು, ಎಲ್ಲವೂ ಓಡಿದವೇ, ಯಾವುದಾದರೂ ಹಿಂದೆ ಉಳಿಯಿತೇ ನೋಡಿ.