ಲಗಾಮು ಯಾರ ಕೈಯಲ್ಲಿ?

ನಾಳೆ ಪರೀಕ್ಷೆ. ಪುಸ್ತಕ ಎದುರಿಗಿದೆ, ಮನಸ್ಸು ಮೊಬೈಲಿನ ಕಡೆ. 'ಓದು' ಎನ್ನುವುದೂ ತಾನೇ, 'ಆಮೇಲೆ ನೋಡೋಣ' ಎನ್ನುವುದೂ ತಾನೇ! ಒಬ್ಬನೊಳಗೆ ಈ ಇಬ್ಬರು ಯಾರು?

ಪ್ರಶ್ನೆ ಹಳೆಯದು. ಕಠೋಪನಿಷತ್ತು ದೇಹವನ್ನು ರಥಕ್ಕೆ ಹೋಲಿಸಿತು. ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿಯೇ ಸಾರಥಿ. ಗ್ರೀಸಿನ ಪ್ಲೇಟೋ ಕೂಡ ಆತ್ಮವನ್ನು ಒಂದು ಸಾಧು, ಒಂದು ತುಂಟ ಕುದುರೆ ಕಟ್ಟಿದ ರಥವೆಂದ.

ವಿಜ್ಞಾನಕ್ಕೆ ಸುಳಿವು ಸಿಕ್ಕಿದ್ದು ಅಪಘಾತವೊಂದರಿಂದ. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುವಾಗ ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಮೇಸ್ತ್ರಿ ಫಿನಿಯಾಸ್ ಗೇಜ್‌ನ ಕೆನ್ನೆ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆತ ಬದುಕಿದ. ಆದರೆ ಸಮಾಧಾನಿಯಾಗಿದ್ದವನು ಹಟಮಾರಿಯಾದ, ಬಾಯಿ ಹೊಲಸಾಯಿತು ಎಂದು ವೈದ್ಯ ಹಾರ್ಲೋ ದಾಖಲಿಸಿದರು. ಪೆಟ್ಟು ಬಿದ್ದದ್ದು ಮೆದುಳಿನ ಮುಂಭಾಗಕ್ಕೆ. ಆಸೆಗೆ 'ತಾಳು' ಎನ್ನುವುದರಲ್ಲಿ ಈ ಭಾಗದ ಪಾತ್ರ ದೊಡ್ಡದು. ಅದು ಬಲಿಯುವುದಕ್ಕೆ ಇಪ್ಪತ್ತು ದಾಟಬೇಕು. ಸುಖ ಬಯಸುವ ಒಳಭಾಗಗಳು ಹದಿಹರೆಯದಲ್ಲೇ ಚುರುಕು.

ಹಾಗಾದರೆ ತಪ್ಪೆಲ್ಲ ಮೆದುಳಿನದೇ? ಹಾಗೂ ಅಲ್ಲ. ಗೇಜ್ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ! ದಿನವೂ ಕಟ್ಟುನಿಟ್ಟಿನ ಆ ಕೆಲಸವೇ ಅವನನ್ನು ತಿದ್ದಿರಬಹುದೆಂದು ಕೆಲವು ಸಂಶೋಧಕರ ಊಹೆ.

'ಸೋಮಾರಿ' ಎಂದು ಬೈಯುವ ಮೊದಲು ತಂದೆತಾಯಿಗಳು ಆ ಎಳೆಯ ಸಾರಥಿಯನ್ನು ನೆನೆಯಲಿ. ಮಕ್ಕಳೂ ಅಷ್ಟೆ, ಓದುವ ವೇಳೆಗೆ ಮೊಬೈಲನ್ನು ತಾವಾಗಿಯೇ ಅಮ್ಮನ ಕೈಗೆ ಕೊಟ್ಟುಬಿಡಲಿ. ಲಗಾಮು ಹಿಡಿಯುವುದೂ ಕಲಿತೇ ಬರಬೇಕಾದ ವಿದ್ಯೆ.