‘ಕರಗುವ’ ಚೀಲ ಹೊಳೆಯಲ್ಲಿ ಕರಗದು

ವಲೀಮಾ, ಇಫ್ತಾರ್ ಕೂಟಗಳ ತಟ್ಟೆ, ಲೋಟ, ಚೀಲಗಳ ಮೇಲೆ ಈಗ ‘ಕಾಂಪೋಸ್ಟೆಬಲ್’ ಎಂಬ ಮುದ್ರೆ ಕಾಣುತ್ತದೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿದೆ. ಪ್ರಮಾಣಪತ್ರ ಪಡೆದ ಈ ಜೈವಿಕ ಪ್ಲಾಸ್ಟಿಕ್‌ಗೆ ವಿನಾಯಿತಿಯಿದೆ. ಹಾಗೆಂದು ಅದು ಎಲೆಯಂತೆ ಕೊಳೆಯುತ್ತದೆಂದು ತಿಳಿಯಬೇಡಿ.

ಮೆಕ್ಕೆಜೋಳದ ಪಿಷ್ಟದಿಂದ ತಯಾರಾಗುವ ಪಿಎಲ್‌ಎ ಕೊಳೆಯಲು ಸುಮಾರು 58 ಡಿಗ್ರಿ ಬಿಸಿ, ತೇವ ಮತ್ತು ಸೂಕ್ಷ್ಮಜೀವಿಗಳು ವಾರಗಟ್ಟಲೆ ಒಟ್ಟಿಗೆ ಬೇಕು. ಅದು ದೊಡ್ಡ ಗೊಬ್ಬರ ಘಟಕದಲ್ಲಿ ಮಾತ್ರ ಸಾಧ್ಯ. ಶೃಂಗೇರಿಯಲ್ಲೂ ಕೊಪ್ಪ ತಾಲೂಕಿನ ಹರಿಹರಪುರದಲ್ಲೂ ಹರಿಯುವ ತುಂಗೆಯ ತಣ್ಣೀರಿನಲ್ಲಿ, ನರಸಿಂಹರಾಜಪುರದ ಭದ್ರಾ ಹಿನ್ನೀರಿನಲ್ಲಿ ಅದು ವರ್ಷಗಟ್ಟಲೆ ಉಳಿಯಬಹುದು.

ಆದ್ದರಿಂದ:

• ಅದನ್ನು ಹೊಳೆ, ಚರಂಡಿ, ತೋಟಕ್ಕೆ ಎಸೆಯಬೇಡಿ.
• ಬಚ್ಚಲೊಲೆಗೆ ಹಾಕಬೇಡಿ. ಹೊಗೆ ಮಕ್ಕಳ, ವೃದ್ಧರ ಶ್ವಾಸಕೋಶಕ್ಕೆ ಕೆಡುಕು.
• ಸಾಮಾನ್ಯ ಪ್ಲಾಸ್ಟಿಕ್ ಜೊತೆ ಬೆರೆಸಬೇಡಿ, ಮರುಬಳಕೆ ಕೆಡುತ್ತದೆ.
• ಬೇರೆಯಾಗಿಟ್ಟು, ಯಾವ ಗಾಡಿಗೆ ಕೊಡಬೇಕೆಂದು ಪಂಚಾಯಿತಿಯನ್ನು ಕೇಳಿ.

ಇದಕ್ಕಿಂತ ಸುಲಭ ದಾರಿ ನಮ್ಮ ತೋಟದಲ್ಲೇ ಇದೆ. ಉದುರಿದ ಅಡಿಕೆ ಹಾಳೆಯನ್ನು ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿದರೆ ಬಿರಿಯಾನಿಗೂ ತಡೆಯುವ ತಟ್ಟೆ ಸಿದ್ಧ. ಊಟವಾದ ಮೇಲೆ ಅದು ಗೊಬ್ಬರಗುಂಡಿಯಲ್ಲೇ ಮಣ್ಣಾಗುತ್ತದೆ. ಜಮಾಅತ್‌ಗೆ ಒಂದು ಸೆಟ್ ಸ್ಟೀಲ್ ಲೋಟ ಕೊಂಡಿಟ್ಟರೆ ಎಲ್ಲ ಮನೆಗಳ ಸಮಾರಂಭಕ್ಕೂ ಒದಗುತ್ತದೆ.