ದೊಡ್ಡ ಜೇಡದ ಅಳತೆ ಮತ್ತು ಜಾತಿ

ನಾವು ನಾಯಿ, ಬೆಕ್ಕು ಸಾಕುವಂತೆ ಗಾಜಿನ ಪೆಟ್ಟಿಗೆಯಲ್ಲಿ ರೋಮವುಳ್ಳ ದೊಡ್ಡ ಜೇಡಗಳನ್ನು ಸಾಕುವವರು ಪರದೇಶಗಳಲ್ಲಿ ಬಹಳ ಮಂದಿ ಇದ್ದಾರೆ. ಈ ಜೇಡಗಳಿಗೆ ಟಾರಂಟುಲಾ ಎಂದು ಹೆಸರು. ಇಟಲಿಯ ಟಾರಂಟೊ ಪಟ್ಟಣದ ಸುತ್ತಮುತ್ತ ಇರುವ ಬೇರೊಂದು ಜೇಡಕ್ಕೆ ಮೊದಲು ಇದ್ದ ಹೆಸರು ಅದು. ಕ್ರಮೇಣ ಇವಕ್ಕೆ ಅಂಟಿಕೊಂಡಿತು. ಇವುಗಳ ಚಿತ್ರಗಳು ಈಗ ಮೊಬೈಲಿನ ಮೂಲಕ ನಮ್ಮ ಪಂದಲೂರಿನ ಟೀ ತೋಟದ ಲೈನುಗಳಿಗೂ ಬಂದು ಮುಟ್ಟುತ್ತಿವೆ. ಮೊರದಗಲದ ಜೇಡ, ಲಕ್ಷ ರೂಪಾಯಿ ಬೆಲೆ ಎಂಬ ಮಾತೂ ಚಿತ್ರದ ಬೆನ್ನಿಗೇ ಬರುತ್ತದೆ. ಇಂಥ ಮಾತು ಕೇಳಿ ಹುಡುಗರು ಮರದ ಪೊಟರೆಗೆ ಕೈಹಾಕಲು ಹೊರಡುವ ಮೊದಲು, ಜೇಡದ ಗಾತ್ರವನ್ನೂ ಜಾತಿಯನ್ನೂ ನಿಜವಾಗಿ ಗೊತ್ತುಮಾಡುವುದು ಹೇಗೆಂಬುದನ್ನು ತಿಳಿಯುವುದು ಒಳ್ಳೆಯದು.

ಮೊದಲು ಚಿತ್ರದ ವಿಚಾರ. ಜೇಡವನ್ನು ಕ್ಯಾಮರಾದ ಹತ್ತಿರಕ್ಕೆ ಚಾಚಿ, ಹಿಡಿದವನು ಹಿಂದೆ ನಿಂತರೆ ಅಂಗೈಯಷ್ಟು ಇರುವುದು ಎದೆಯಗಲ ಕಾಣುತ್ತದೆ. ಮೀನು ಹಿಡಿದವರ ಚಿತ್ರವೂ ಹೀಗೆಯೇ ಸರಿಯಷ್ಟೆ. ಜೇಡದ ಪಕ್ಕದಲ್ಲಿ, ಅದೇ ನೆಲದ ಮೇಲೆ, ಅಳತೆ ಗೊತ್ತಿರುವ ವಸ್ತುವೊಂದು ಇರಬೇಕು. ಹತ್ತು ರೂಪಾಯಿ ನಾಣ್ಯದ ಅಡ್ಡಗಲ 27 ಮಿಲಿಮೀಟರು, ಅದಾದರೂ ಸಾಕು. ಅದಿಲ್ಲದ ಚಿತ್ರದಿಂದ ಗಾತ್ರವನ್ನು ನಿರ್ಣಯಿಸಲಾಗದು.

ಇನ್ನು ಅಳೆಯುವುದು ಯಾವುದನ್ನು? ಸಾಕುವವರು ಒಂದು ಪಕ್ಕದ ಮುಂಗಾಲಿನ ತುದಿಯಿಂದ ಇನ್ನೊಂದು ಪಕ್ಕದ ಹಿಂಗಾಲಿನ ತುದಿಯವರೆಗೆ ಓರೆಯಾಗಿ ಅಳೆಯುತ್ತಾರೆ. ಜೇಡ ತಾನಾಗಿ ಕಾಲು ಚಾಚಿ ಕುಳಿತಾಗ, ಪಾರದರ್ಶಕ ಡಬ್ಬಿಯ ತಳದಲ್ಲಿ ಸ್ಕೇಲಿಟ್ಟು ನೋಡಿದರೆ ಮುಟ್ಟದೆಯೇ ಈ ಲೆಕ್ಕ ಸಿಗುತ್ತದೆ. ಆದರೆ ಬಿಟ್ಟ ಪೊರೆಯನ್ನು ನೀರಲ್ಲಿ ನೆನೆಸಿ ಹಲಗೆಗೆ ಗುಂಡುಸೂಜಿಯಿಂದ ಎಳೆದು ಚುಚ್ಚಿ ಅಳೆದರೆ ಕೀಲುಗಳು ಹಿಗ್ಗಿ ಅಳತೆ ಹೆಚ್ಚುತ್ತದೆ. ಹೊಟ್ಟೆಯ ಗಾತ್ರವೂ ನಂಬತಕ್ಕದ್ದಲ್ಲ. ತಿಂದಾಗ ಉಬ್ಬುತ್ತದೆ, ಹಸಿದಾಗ ಕುಗ್ಗುತ್ತದೆ. ಸಂತೆಗೆ ನೀರು ಕುಡಿಸಿ ತಂದ ಎತ್ತಿನ ಹೊಟ್ಟೆ ನೋಡಿ ಯಾರಾದರೂ ಬೆಲೆ ಕಟ್ಟುವುದುಂಟೆ? ಆದುದರಿಂದಲೇ ಶಾಸ್ತ್ರಜ್ಞರು ಬೆನ್ನಿನ ಮುಂಭಾಗದ ಗಟ್ಟಿ ಚಿಪ್ಪಿನ ಉದ್ದವನ್ನು ಮುಖ್ಯವಾಗಿ ಹಿಡಿಯುತ್ತಾರೆ. ಅದು ಒಂದು ಪೊರೆಯಿಂದ ಮುಂದಿನ ಪೊರೆಯವರೆಗೆ ಬದಲಾಗುವುದಿಲ್ಲ.

ಲೋಕದಲ್ಲಿ ಅತಿ ದೊಡ್ಡದು ಯಾವುದೆಂಬ ಪ್ರಶ್ನೆಗೂ ಉತ್ತರ ಒಂದೇ ಅಲ್ಲ. ದಕ್ಷಿಣ ಅಮೆರಿಕದ ಥೆರಾಫೋಸಾ ಬ್ಲಾಂಡೈ ತೂಕದಲ್ಲಿ ಎಲ್ಲವನ್ನೂ ಮೀರಿಸುತ್ತದೆ. 1965ರಲ್ಲಿ ವೆನೆಜುವೆಲಾದಲ್ಲಿ ಸಿಕ್ಕಿದ ಒಂದು ಗಂಡಿನ ಕಾಲ್ಚಾಚು 28 ಸೆಂಟಿಮೀಟರು ಎಂದು ದಾಖಲೆಯಿದೆ. ಅಂದರೆ ಹನ್ನೊಂದು ಅಂಗುಲ, ಒಂದು ಗೇಣಿಗಿಂತ ತುಸು ಹೆಚ್ಚು. 2001ರಲ್ಲಿ ಹೆಸರು ಪಡೆದ ಲಾವೋಸ್ ದೇಶದ ಹೆಟೆರೊಪೋಡಾ ಮ್ಯಾಕ್ಸಿಮಾ ಸುಮಾರು 30 ಸೆಂಟಿಮೀಟರು ಚಾಚುತ್ತದೆ. ಆದರೆ ಅದು ಮೈ ಹಗುರಾದ, ನಮ್ಮ ಮನೆಗೋಡೆಯ ಮೇಲೆ ಓಡಾಡುವ ಚಪ್ಪಟೆ ಜೇಡದ ಬಳಗದ್ದು, ಟಾರಂಟುಲಾ ಅಲ್ಲ. ಹೀಗಿರುವಾಗ ಮೊರದಗಲದ ಜೇಡ ಎಲ್ಲಿಂದ ಬಂದೀತು?

ಜಾತಿಯ ವಿಚಾರ ಇನ್ನೂ ತೊಡಕಿನದು. ಬ್ಲಾಂಡೈ ಎಂದು ವರ್ಷಗಟ್ಟಲೆ ಮಾರಾಟವಾದ ಎಷ್ಟೋ ಜೇಡಗಳು ಬೇರೆ ಜಾತಿಯವೆಂದು ತಿಳಿದು, 2010ರಲ್ಲಿ ಅವಕ್ಕೆ ಥೆರಾಫೋಸಾ ಸ್ಟರ್ಮೈ ಎಂದು ಪ್ರತ್ಯೇಕ ಹೆಸರಿಟ್ಟರು. ಮೇಲುನೋಟಕ್ಕೆ ಎರಡೂ ಒಂದೇ. ಬ್ಲಾಂಡೈಯ ಮೊಣಕಾಲಿನ ಮೇಲೆ ಕೂದಲುಂಟು, ಸ್ಟರ್ಮೈಗೆ ಅಲ್ಲಿ ಬೋಳು. ಬಣ್ಣ ನಂಬುವಂತಿಲ್ಲ, ಪೊರೆ ಬಿಡುವ ಮುಂಚೆ ಮಾಸುತ್ತದೆ. ಹೆಣ್ಣು ಬಿಟ್ಟ ಪೊರೆಯ ಒಳಗೆ ವೀರ್ಯ ಹಿಡಿದಿಡುವ ಚೀಲದ ಅಚ್ಚು ಉಳಿದಿರುತ್ತದೆ. ಅದರ ಆಕಾರ ಜಾತಿ ತಿಳಿಯಲು ಒಳ್ಳೆಯ ಸಾಕ್ಷಿ. ನೋಡಲು ಸೂಕ್ಷ್ಮದರ್ಶಕ ಬೇಕು.

ಸಿಕ್ಕಿದ ಸ್ಥಳದ ಹೆಸರೂ ಮೋಸ ಮಾಡುವುದುಂಟು. ಬಳ್ಳಾರಿಯ ಆಚೆ, ಆಂಧ್ರದ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕಿದ ಒಂದೇ ಒಂದು ನೀಲಿ ಜೇಡವನ್ನು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಪೋಕಾಕ್ 1899ರಲ್ಲಿ ವರ್ಣಿಸಿದರು. ನೂರು ವರ್ಷ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಕಂಡದ್ದು ಗುತ್ತಿಯಲ್ಲಲ್ಲ, ಸುಮಾರು ನೂರು ಕಿಲೋಮೀಟರು ಆಚೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡಿನಲ್ಲಿ. ಮೊದಲನೆಯದು ದಿಮ್ಮಿಯೊಡನೆ ರೈಲು ಹತ್ತಿ ಬಂದಿರಬೇಕೆಂದು ಊಹೆ.

ಈ ಗುತ್ತಿ ಜೇಡದ ಕುಲ ಪೊಯೆಸಿಲೊಥೀರಿಯಾ, ಭಾರತ ಮತ್ತು ಸಿಂಹಳದಲ್ಲಿ ಮಾತ್ರ ಇರುವಂಥದು. ಪಶ್ಚಿಮಘಟ್ಟದ ಪೊಟರೆಗಳಲ್ಲಿ ಇದರ ಬಂಧುಗಳು ವಾಸಿಸುತ್ತವೆ. ಒಂದಕ್ಕೆ ಪರದೇಶದ ವ್ಯಾಪಾರದಲ್ಲಿ ಮೈಸೂರಿನ ಹೆಸರೇ ಇದೆ. ಚಾಚು ಸಾಮಾನ್ಯವಾಗಿ ಆರೇಳು ಅಂಗುಲ. ನೆಲದಲ್ಲಿ ಬಿಲ ತೋಡುವ ಹ್ಯಾಪ್ಲೊಕ್ಲಾಸ್ಟಸ್ ನಿಲ್ಗಿರಿನಸ್ ಎಂಬುದಂತೂ ನಮ್ಮ ನೀಲಗಿರಿಯ ಹೆಸರನ್ನೇ ಹೊತ್ತಿದೆ. ಗಿಡಗಳ ನಡುವೆ ಹೊನ್ನಬಣ್ಣದ ದೊಡ್ಡ ಬಲೆ ಕಟ್ಟಿ ಕೂರುವ ಉದ್ದಕಾಲಿನದು ಈ ಗುಂಪಿಗೆ ಸೇರಿದ್ದಲ್ಲ. ಟಾರಂಟುಲಾದ ವಿಷದ ಕೋರೆಗಳು ಎರಡೂ ಒಂದಕ್ಕೊಂದು ಸಮನಾಗಿ ಕೆಳಕ್ಕೆ ಇಳಿಯುತ್ತವೆ. ಬೇರೆ ಜೇಡಗಳವು ಇಕ್ಕಳದಂತೆ ಎದುರುಬದುರು ಕೂಡುತ್ತವೆ. ಹೊಟ್ಟೆಯ ಕೂದಲನ್ನು ಕಾಲಿನಿಂದ ಉದುರಿಸಿ ಎರಚಿ ತುರಿಕೆ ಹುಟ್ಟಿಸುವುದು ಅಮೆರಿಕದ ಜಾತಿಗಳ ಗುಣ. ನಮ್ಮ ದೇಶದವಕ್ಕೆ ಆ ಕೂದಲಿಲ್ಲ, ಕಚ್ಚುವುದೇ ಉಪಾಯ. ಪೊಯೆಸಿಲೊಥೀರಿಯಾ ಕಚ್ಚಿದರೆ ಬಹಳ ನೋವು. ಸ್ನಾಯುಗಳ ಸೆಳೆತ ದಿನಗಟ್ಟಲೆ ಇರಬಹುದು. ಕಚ್ಚಿಸಿಕೊಂಡವರು ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಮಾರಾಟದ ಆಸೆ ಇದ್ದವರು ಇದನ್ನೂ ತಿಳಿದಿರಲಿ. 2019ರಲ್ಲಿ ಈ ಇಡೀ ಕುಲವನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ಆ ಒಪ್ಪಂದದ ಜೀವಿಗಳು ನಮ್ಮ ಕಾನೂನಿನ ಒಳಗೂ ಬಂದಿವೆ. ಹೊರಗಿನವರು ಬಂದು ದುಡ್ಡು ತೋರಿಸಿದರೆ ಕೇಸಿಗೆ ಸಿಕ್ಕುವವನು ಹಿಡಿದುಕೊಟ್ಟ ಕೂಲಿಯವನು. ಕೊಂಡವನು ಅಷ್ಟರಲ್ಲಿ ಘಾಟಿ ಇಳಿದಿರುತ್ತಾನೆ.

ಮಳೆಗಾಲದಲ್ಲಿ ಮನೆಯೊಳಗೆ ಬಂದರೆ ಕೊಲ್ಲಬೇಕಾಗಿಲ್ಲ. ಅಗಲ ಬಾಯಿಯ ಡಬ್ಬಿಯನ್ನು ಮೇಲೆ ಮೆಲ್ಲನೆ ಮುಚ್ಚಿ, ಅಡಿಯಲ್ಲಿ ದಪ್ಪ ರಟ್ಟು ತೂರಿಸಿ, ಸಂಜೆ ಹತ್ತಿರದ ಹಳೆಯ ಮರದ ಬುಡದಲ್ಲಿ ಬಿಡಿ. ತೂರಿಸುವಾಗ ಬೆರಳು ರಟ್ಟಿನ ಅಂಚಿನಿಂದ ದೂರವಿರಲಿ.